ಹಗೇವಿಗೆ ಇಳಿಸಿದ ದೀಪ

ಅಕ್ಕಿ ಅಳೆಯುವಾಗ ನಾನು ಇವತ್ತಿಗೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇನೆ. ನಮ್ಮ ಕಡೆ ದವಸ ಅಳೆಯುವವರೆಲ್ಲ ಹಾಗೇ. ಮೊದಲನೆಯ ಅಳತೆಗೆ ಲಾಭ, ಆಮೇಲೆ ಎರಡು, ಮೂರು. ಇದರಲ್ಲಿ ವಿಶೇಷವೇನಿಲ್ಲ. ಆದರೆ ನಾನು ಲಾಭ ಎಂದ ಬಾಯಲ್ಲೇ ಉಸಿರು ಕೂಡ ತೆಗೆದುಕೊಳ್ಳದೆ ಎರಡು ಎಂದುಬಿಡುತ್ತೇನೆ. ಪಾವು ಇನ್ನೂ ಅರ್ಧ ತುಂಬಿರುವುದಿಲ್ಲ. "ಅತ್ತೆ, ನಿಮ್ಮ ಲೆಕ್ಕ ಮುಂದೆ ಓಡುತ್ತೆ, ಅಕ್ಕಿ ಹಿಂದೆ ಬರುತ್ತೆ" ಎಂದು ಸೊಸೆ ನಗುತ್ತಾಳೆ. ನಗಲಿ. ಆ ಎರಡು ಮಾತಿನ ನಡುವೆ ಎಷ್ಟು ಜಾಗ ಇರಬಹುದು ಎಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ಇಷ್ಟು ವರ್ಷ ಸುಮ್ಮನಿದ್ದೆ. ಈಗ ಬರೆಯಲು ಕೂತ ಮೇಲೆ ಅದೊಂದನ್ನು ಬಿಟ್ಟು ನಮ್ಮ ಮನೆಯ ಬಗ್ಗೆ ಬೇರೆ ಏನು ಬರೆದರೂ ಸುಳ್ಳಾಗುತ್ತದೆ.

ಬೆಳಗಿನ ತಂಪಿನಲ್ಲಿ ಗಾಡಿ ಹೂಡಿ ಮದ್ದೂರಿನಿಂದ ಹೊರಟರೆ ಬಿಸಿಲೇರುವ ಮುಂಚೆ ಸೇರಬಹುದಾದ ಊರು ನಮ್ಮದು. ಗಾಳಿ ಈ ಕಡೆಗೆ ಬೀಸಿದಾಗ ರೈಲಿನ ಕೂಗು ಕೇಳಿಸುತ್ತಿತ್ತು. ನಾಲೆ ನೀರು ಬಂದು ತಗ್ಗಿನ ಹೊಲಗಳೆಲ್ಲ ಗದ್ದೆಯಾಗಿದ್ದವು, ಕಬ್ಬು ಗಾಡಿಗಟ್ಟಲೆ ಮಂಡ್ಯಕ್ಕೆ ಹೋಗುತ್ತಿತ್ತು. ಆದರೂ ಮನೆಯೊಳಗೆ ರಾಗಿಯದೇ ದರ್ಬಾರು. ತೊಟ್ಟಿಮನೆ. ಮುಂದೆ ಜಗಲಿ, ಒಳಗೆ ಹಜಾರ, ನಡುವೆ ಬೆಳಕು ಬೀಳುವ ತೊಟ್ಟಿ, ಹಿಂದೆ ಹೊಗೆ ತುಂಬಿದ ಅಡುಗೆಮನೆ. ಜಗಲಿಯಿಂದ ತೊಟ್ಟಿಯವರೆಗೆ ಗಂಡಸರ ರಾಜ್ಯ, ತೊಟ್ಟಿಯಿಂದ ಆಚೆಗೆ ಹೆಂಗಸರದು. ಎರಡು ರಾಜ್ಯಕ್ಕೂ ದೊರೆ ಒಬ್ಬನೇ, ನನ್ನ ದೊಡ್ಡಪ್ಪ. ಅವನು ಊರಿನ ಪಟೇಲ. ಮನೆಯಲ್ಲಿ ಅವನ ತಾಯಿ, ಅಂದರೆ ನನ್ನ ಅಜ್ಜಿ, ಅವನ ಹೆಂಡತಿ ದೊಡ್ಡವ್ವ, ಅವನ ಒಬ್ಬನೇ ತಮ್ಮನಾದ ನನ್ನ ಅಪ್ಪ, ಅವ್ವ, ನಾನು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಜಗಲಿಯಲ್ಲಿ ಅವನು ಕೆಮ್ಮಿದರೆ ಅಡುಗೆಮನೆಯಲ್ಲಿ ಬೀಸುವ ಕಲ್ಲು ನಿಲ್ಲುತ್ತಿತ್ತು.

ನಮ್ಮವ್ವ ಕಿರುಗಾವಲಿನಿಂದ ಬಂದವಳು. ಗಂಡನ ಅಣ್ಣನ ಎದುರು ನಿಲ್ಲುವುದಾಗಲಿ ನೇರವಾಗಿ ಮಾತಾಡುವುದಾಗಲಿ ಆಗ ಉಂಟೇ? ಏನಾದರೂ ಹೇಳಬೇಕಾದರೆ ಬಾಗಿಲ ಮರೆಯಲ್ಲಿ ನಿಂತು ನನಗೆ ಹೇಳುತ್ತಿದ್ದಳು, ದೊಡ್ಡಪ್ಪನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ.

"ಯೋಳವ್ವ ನಿನ್ ದೊಡ್ಡಪ್ಪಂಗೆ, ಮುದ್ದೆ ಆಗದೆ, ಏಳ್ಬೇಕಂತೆ."

ನಾನು ಅದನ್ನೇ ಮತ್ತೊಮ್ಮೆ ಹೇಳುತ್ತಿದ್ದೆ. ಅವನು ಉತ್ತರವನ್ನು ನನಗೆ ಕೊಡುತ್ತಿದ್ದ. ಅವರಿಬ್ಬರ ನಡುವೆ ನನ್ನ ತಲೆ ಒಂದೇ ಇತ್ತು, ಮಾತೆಲ್ಲ ಅದರ ಮೇಲೆ ಹಾದುಹೋಗುತ್ತಿತ್ತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವ್ವ ದೊಡ್ಡಪ್ಪನನ್ನು ನೇರವಾಗಿ ಭಾವ ಎಂದು ಕರೆದದ್ದನ್ನು ನಾನು ಆಗ ಕೇಳಿರಲಿಲ್ಲ.

ದೊಡ್ಡಪ್ಪ ಕೆಟ್ಟವನೇ ಎಂದು ಕೇಳಿದರೆ ಸುಲಭವಾಗಿ ಹೌದು ಎನ್ನಲಾರೆ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಆದರೆ ಅವನ ಕರುಣೆಗೂ ಕೋಪಕ್ಕೂ ಕಾರಣ ಎಂಬುದು ಇರುತ್ತಿರಲಿಲ್ಲ. ಇವತ್ತು ಸಾರು ಹುಳಿ ಎಂದು ತಟ್ಟೆ ತೊಟ್ಟಿಗೆ ಎಸೆದವನು ನಾಳೆ ಅದೇ ಸಾರನ್ನು ಎರಡು ಸಲ ಬಡಿಸಿಕೊಳ್ಳುತ್ತಿದ್ದ. ಯಾವುದು ತಪ್ಪು ಎಂದು ಗೊತ್ತಿದ್ದರೆ ಹೆಂಗಸರು ಹೇಗೋ ತಪ್ಪಿಸಿಕೊಂಡು ಬದುಕುತ್ತಿದ್ದರು. ಅದೇ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಕಿರುಗಾವಲಿನಲ್ಲಿ ನನ್ನ ಸೋದರಮಾವನ ಮದುವೆ. ಹೋಗಿಬನ್ನಿ ಎಂದು ದೊಡ್ಡಪ್ಪನೇ ಒಪ್ಪಿದ್ದ. ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಎತ್ತು ಹೂಡಿ ಆಗಿತ್ತು. ನಾನು ಹೊಸ ಲಂಗ ತೊಟ್ಟು ಗಾಡಿಯ ಮುಂದೆ ಮೂಕಿಯ ಹತ್ತಿರ ಕೂತಿದ್ದೆ, ಅವ್ವ ಮುಡಿತುಂಬ ಮಲ್ಲಿಗೆ ಮುಡಿದಿದ್ದಳು. ದೊಡ್ಡಪ್ಪ ಜಗಲಿಗೆ ಬಂದ. ಗಾಡಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ.

"ಬ್ಯಾಡ. ಬಿಚ್ಚು ಎತ್ತ."

"ಯಾಕಣ್ಣಯ್ಯ?" ಎಂದ ಅಪ್ಪ.

"ಬಿಚ್ಚು ಅಂದ್ರೆ ಬಿಚ್ಚು ಕಣ್ಲಾ. ಯಾಕೆ ಅನ್ನಾದ್ನ ಯಾವಾಗ್ ಕಲ್ತೆ?"

ಅಪ್ಪ ತಾನೇ ಕೊರಳಹಗ್ಗ ಬಿಚ್ಚಿದ. ಅವ್ವ ಒಳಗೆ ಹೋಗಿ ಮಲ್ಲಿಗೆ ತೆಗೆದು ಒರಳುಕಲ್ಲಿನ ಮೇಲಿಟ್ಟು ರಾಗಿ ಬೀಸಲು ಕೂತಳು. ಸಂಜೆ ದೊಡ್ಡಪ್ಪ ನನ್ನನ್ನು ಕರೆದು ಅಂಗೈ ತುಂಬ ಬೆಲ್ಲ ಕೊಟ್ಟ. ನಾನು ತಿಂದೆ. ಅದು ಸಿಹಿಯಾಗಿಯೇ ಇತ್ತು, ಏನು ಮಾಡಲಿ.

ಅಂಥ ದೊಡ್ಡಪ್ಪನ ಮಾತು ನಡೆಯದ ಜಾಗ ನಮ್ಮ ಮನೆಯಲ್ಲಿ ಒಂದೇ ಒಂದಿತ್ತು. ಅದು ಹಿತ್ತಿಲಿನ ಹಗೇವು. ಈಗಿನವರಿಗೆ ಹಗೇವು ಎಂದರೆ ಗೊತ್ತಿರಲಿಕ್ಕಿಲ್ಲ. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಗುಂಡಿ. ಬಾಯಿ ಒಬ್ಬ ಆಳು ನುಸುಳುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಒಳಸುತ್ತಿಗೆ ಹುಲ್ಲು ಕಟ್ಟಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳದೆ ಇರುತ್ತದೆ. ನಮ್ಮ ಹಿತ್ತಿಲಲ್ಲಿ ಎರಡಿದ್ದವು. ತೆಗೆಯುವಾಗ ಮಾತ್ರ ಜೀವ ಕೈಲಿ ಹಿಡಿದಿರಬೇಕು. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇಳಿದವನನ್ನು ಕೂಗಲೂ ಬಿಡುವುದಿಲ್ಲ. ಆದ್ದರಿಂದ ಚಪ್ಪಡಿ ಎತ್ತಿ ಒಂದು ದಿನ ಬಿಟ್ಟು, ನೆನೆಸಿದ ಕಂಬಳಿಯನ್ನು ಇಳಿಸಿ ಎತ್ತಿ ಗಾಳಿಯಾಡಿಸಿ, ಕೊನೆಗೆ ಹಗ್ಗದಲ್ಲಿ ದೀಪ ಇಳಿಬಿಡುತ್ತಿದ್ದರು. ದೀಪ ಉರಿಯುತ್ತ ಮೇಲೆ ಬಂದರೆ ಆಳು ಇಳಿಯಬಹುದು. ಆರಿದರೆ ಇಲ್ಲ. ಇಳಿದವನು ಬಿದಿರಿನ ಬುಟ್ಟಿಗೆ, ಅದೇ ಮಂಕರಿಗೆ, ರಾಗಿ ತುಂಬಿದಂತೆಲ್ಲ ಗಟ್ಟಿಯಾಗಿ ಎಣಿಸುತ್ತಿರಬೇಕು. ಎಣಿಕೆ ನಿಂತರೆ ಸೊಂಟದ ಹಗ್ಗ ಹಿಡಿದು ಎಳೆಯುವುದೇ.

ಆ ದೀಪ ಮನೆಯ ಹಿರಿ ಹೆಂಗಸಿನ ಕೈಯಲ್ಲಿರುತ್ತಿತ್ತು. ನಮ್ಮಲ್ಲಿ ಹೊಳಲಿನಿಂದ ಬಂದ ಅಜ್ಜಿಯ ಕೈಯಲ್ಲಿ. ತೆಂಗಿನ ಕರಟಕ್ಕೆ ಹುರಿ ಕಟ್ಟಿ, ಅದರೊಳಗೆ ಹಣತೆ ಕೂರಿಸಿ, ಹರಳೆಣ್ಣೆ ತುಂಬಿ, ಹಗೇವಿನ ಬಾಯಿಯ ಪಕ್ಕ ಮಂಡಿಯೂರಿ ಕೂರುತ್ತಿದ್ದಳು. ಸೊಂಟದ ಹಗ್ಗದ ಗಂಟನ್ನೂ ಅವಳೇ ಹಾಕಿ, ಎರಡು ಸಲ ಜಗ್ಗಿ ನೋಡಿ ಆಳನ್ನು ಬಿಡುತ್ತಿದ್ದಳು. ಒಂದು ಸಲ ದೊಡ್ಡಪ್ಪನಿಗೆ ಏನೋ ಅವಸರ. ಸಾಕು ಇಳಿಸವ್ವ ಎಂದ. ಅಜ್ಜಿ ತಲೆ ಕೂಡ ಎತ್ತಲಿಲ್ಲ.

"ನೀನು ಪಟೇಲ ಅಂತ ಅಗೇವಿಗೆ ಗೊತ್ತೇನ್ಲಾ? ಅದು ಉಸ್ರು ಬುಡೋ ಗಂಟ ಕಾಯಿ. ಕಾಯಕ್ಕಾಗ್ದಿದ್ರೆ ಓಗಿ ಜಗ್ಲಿ ಮೇಲೆ ಕೂತ್ಕೊ."

ಅವನು ಹೋಗಿ ಕೂತ. ಪಟೇಲ ಬೈಸಿಕೊಂಡು ಸುಮ್ಮನೆ ಹೋದದ್ದನ್ನು ಆಳುಗಳೂ ನೋಡಿದರು, ನಾನೂ ನೋಡಿದೆ. ನನಗೆ ಹೇಳಲಾರದ ಖುಷಿಯಾಯಿತು. ದೀಪದಲ್ಲಿ ಏನೋ ಶಕ್ತಿಯಿದೆ, ಅದಕ್ಕೆ ದೊಡ್ಡಪ್ಪನೂ ಹೆದರುತ್ತಾನೆ ಎಂದು ನಂಬಿದೆ. ಅವನು ಹೆದರಿದ್ದು ದೀಪಕ್ಕಲ್ಲ, ಹೆತ್ತ ತಾಯಿಗೆ ಎಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ಅಜ್ಜಿ ಒಂದು ಚಳಿಗಾಲ ಮಲಗಿದವಳು ಏಳಲಿಲ್ಲ. ಕರಟದ ದೀಪ ಹಿರಿ ಸೊಸೆಗೆ ಬಂತು. ದೊಡ್ಡವ್ವ ಒಳ್ಳೆಯ ಹೆಂಗಸು. ನನ್ನನ್ನು ಮಗಳ ಹಾಗೆ ಸಾಕಿದವಳು. ಆದರೆ ಮಕ್ಕಳಾಗಲಿಲ್ಲ ಎಂದು ಗಂಡ ಯಾವತ್ತು ಬೇಕಾದರೂ ಇನ್ನೊಬ್ಬಳನ್ನು ತರಬಹುದಿತ್ತು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗಂಡನ ಎದುರು ಅವಳ ಬಾಯಿಂದ 'ಇಲ್ಲ' ಎಂಬ ಮಾತು ಹೊರಟಿದ್ದೇ ಇಲ್ಲ.

ಆಗ ಯುದ್ಧದ ಕಾಲ. ಬೆಳೆದದ್ದರಲ್ಲಿ ಒಂದು ಪಾಲನ್ನು ಲೆವಿ ಎಂದು ಸರ್ಕಾರಕ್ಕೆ ಅಳೆದುಕೊಡಬೇಕಿತ್ತು. ತಾಲ್ಲೂಕಿನ ಅಮಲ್ದಾರರು ಬರುವ ದಿನ ಬೆಳಿಗ್ಗೆಯಷ್ಟೇ ದೊಡ್ಡಪ್ಪ ಚಪ್ಪಡಿ ಎತ್ತಿಸಿದ. ಹಿಂದಿನ ದಿನವೇ ಎತ್ತಿಸಿದ್ದರೆ ಆಗುತ್ತಿತ್ತು. ಯಾಕೆ ಎತ್ತಿಸಲಿಲ್ಲ ಎಂದು ಕೇಳುವವರು ಯಾರು? ಅಮಲ್ದಾರರು ಬಂದರು. ಅವರಿಗೆ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟರು. ಅವರ ಮುಂದೆ ದೊಡ್ಡಪ್ಪನನ್ನು ನೋಡಿ ನನಗೆ ಗಾಬರಿಯೇ ಆಯಿತು. ಬೆನ್ನು ಬಾಗಿತ್ತು, ದನಿ ತೆಳ್ಳಗಾಗಿತ್ತು. ಬೇರೆ ಯಾರೋ ಅವನ ಪೇಟ ಸುತ್ತಿಕೊಂಡು ನಿಂತ ಹಾಗಿತ್ತು.

"ಅವಸರ ಏನಿಲ್ಲ ಪಟೇಲರೇ," ಎಂದರು ಅಮಲ್ದಾರರು. "ಮಳವಳ್ಳಿ ರಸ್ತೆ ಕಡೆ ಇನ್ನೆರಡು ಹಳ್ಳಿ ನೋಡೋದಿದೆ. ಸಂಜೆ ಇದೇ ದಾರೀಲಿ ಬರ್ತೀನಿ, ಆಗ ಅಳೆಸಿದ್ರಾಯ್ತು."

ಅವರು ಹಾಗೆ ಹೇಳಿದ್ದು ನಿಜ. ನಾನು ಕಂಬದ ಪಕ್ಕದಲ್ಲೇ ಇದ್ದೆ.

"ಎಲ್ಲಾರ ಉಂಟಾ ಸ್ವಾಮಿ! ತಾವು ಬಂದು ಕಾಯಾದಾ? ಈಗ್ಲೆ ಆಯ್ತದೆ, ಒಂದ್ ಗಳಿಗೆ," ಎಂದು ದೊಡ್ಡಪ್ಪ ಹಿತ್ತಿಲಿಗೆ ಬಂದ. ಹಿತ್ತಿಲಿಗೆ ಬರುವಷ್ಟರಲ್ಲಿ ಬೆನ್ನು ನೆಟ್ಟಗಾಗಿತ್ತು.

ದೊಡ್ಡವ್ವ ದೀಪ ಇಳಿಬಿಟ್ಟಳು. ಕರಟ ಬಾಯಿ ದಾಟಿ ಒಂದಾಳುದ್ದ ಇಳಿಯಿತೋ ಇಲ್ಲವೋ, ಬೆಳಕು ಹೋಯಿತು. ಯಾರೋ ಬಾಯಿಂದ ಊದಿದ ಹಾಗೆ ಅಲ್ಲ. ಸಣ್ಣಗಾಗಿ, ನೀಲಿಯಾಗಿ, ಇಲ್ಲವಾಯಿತು. ಅವಳು ಎಳೆದುಕೊಂಡಳು.

"ಆರೋಯ್ತು," ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ಗಾಳಿಗೆ ಆರೋಗದೆ. ಅಚ್ಚು ಇನ್ನೊಂದ್ ಕಿತ."

ಹಚ್ಚಿ ಇಳಿಬಿಟ್ಟಳು. ಮತ್ತೆ ಆರಿತು.

"ಎಣ್ಣೆ ಸಾಲ್ದು ಅದ್ಕೆ," ಎಂದ ದೊಡ್ಡಪ್ಪ. "ಅಲ್ವಾ?"

ದೊಡ್ಡವ್ವ ಹಣತೆಯನ್ನು ನೋಡಿದಳು. ಅದರ ತುಂಬ ಎಣ್ಣೆಯಿತ್ತು, ಕರಟಕ್ಕೂ ತುಳುಕಿತ್ತು. ಅವಳು ಗಂಡನ ಮುಖ ನೋಡಿದಳು.

"ಊಂ," ಎಂದಳು.

ಅಷ್ಟೇ. ಆ ಒಂದು ಊಂ ಮೇಲೆ ನಮ್ಮ ಮನೆ ನಿಂತಿತ್ತು, ಅದರ ಮೇಲೆಯೇ ಬಿತ್ತು. ಹಗೇವಿಗೆ ಇಳಿಯುವ ಕೆಲಸ ಯಾವಾಗಲೂ ನಮ್ಮ ಆಳು ನಿಂಗನದು. ಅವನು ಅಪ್ಪನ ಓರಗೆಯವನು, ಅಪ್ಪನ ಜೊತೆ ಈಜು ಕಲಿತವನು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಬುದ್ದಿ, ವಸಿ ತಡೀರಿ. ಕಂಬ್ಳಿ ನೆನ್ಸಿ ಬೀಸ್ತೀನಿ. ದೀಪ ನಿಲ್ನಿಲ್ವಲ್ಲ."

"ನಂಗೇ ಯೋಳ್ಕೊಡ್ತಿಯೇನ್ಲಾ?" ದೊಡ್ಡಪ್ಪ ಕೈಕೋಲು ಎತ್ತಿದ. ಎತ್ತಿದ ಕೋಲು ಹಾಗೇ ನಿಂತಿತು, ಯಾಕೆಂದರೆ ಅಪ್ಪ ಅಂಗಿ ಬಿಚ್ಚುತ್ತಿದ್ದ.

"ನಾನಿಳೀತೀನಿ ಬುಡಣ್ಣಯ್ಯ. ಅವನ್ಗ್ಯಾಕ್ ಒಡೀತೀಯೆ."

ನಿಂಗನ ಮೇಲಿನ ಪ್ರೀತಿಗೆ ಹೀಗೆಂದನೋ, ಅಣ್ಣನ ಮಾತು ನಿಲ್ಲಬೇಕು ಎಂದು ಹೀಗೆಂದನೋ, ಇಷ್ಟು ವರ್ಷ ಯೋಚಿಸಿದರೂ ನನಗೆ ಗೊತ್ತಾಗಿಲ್ಲ. ಸೊಂಟಕ್ಕೆ ಅಗ್ಗ ಕಟ್ಬೇಕು ಎಂದ ನಿಂಗ. ಅದೇನ್ ಬಾವಿಯಾ, ಇಡ್ಕೊಂಡು ಇಳೀಲಿ ಎಂದ ದೊಡ್ಡಪ್ಪ. ಗಂಟು ಹಾಕಬೇಕಾದವಳು ಆರಿದ ದೀಪ ಹಿಡಿದು ಸುಮ್ಮನೆ ಕೂತಿದ್ದಳು. ಅಪ್ಪ ನನ್ನ ಕಡೆ ನೋಡಿ, ಅಂಗಿಯನ್ನು ನನ್ನ ತೋಳಿಗೆ ಹಾಕಿ, ಹಗ್ಗ ಹಿಡಿದು ಇಳಿದ. ಮಂಕರಿ ಇಳಿಯಿತು. ರಾಗಿಯ ಸರಸರ ಸದ್ದು. ಆಮೇಲೆ ನೆಲದೊಳಗಿಂದ ಅಪ್ಪನ ದನಿ.

"ಲಾಭ!"

ನಿಂಗ ಮಂಕರಿ ಎಳೆದು ಸುರಿದು ಮತ್ತೆ ಇಳಿಸಿದ. ಎಲ್ಲರೂ ಕಾದರು. ದೊಡ್ಡಪ್ಪ ಜಗಲಿಯ ಕಡೆ ತಿರುಗಿ ಅಮಲ್ದಾರರಿಗೆ ಏನೋ ಕೂಗಿ ಹೇಳುತ್ತಿದ್ದ. ಅಡುಗೆಮನೆಯ ಹಿಂಬಾಗಿಲ ಮರೆಯಲ್ಲಿ ಅವ್ವ ನಿಂತಿದ್ದಳು, ಅವಳ ಬಳೆ ಕಾಣುತ್ತಿತ್ತು. ಎರಡು ಬರಲಿಲ್ಲ. ನಿಂಗ ಅಪ್ಪನ ಹೆಸರು ಹಿಡಿದು ಕೂಗಿದ. ಅಪ್ಪ ಹಿಡಿದು ಇಳಿದ ಹಗ್ಗ ಎಳೆದ. ಹಗ್ಗ ಹಗುರವಾಗಿ ಮೇಲೆ ಬಂತು.

ಆಮೇಲಿನದನ್ನು ಹೆಚ್ಚು ಬರೆಯಲಾರೆ. ನಿಂಗ ನೆನೆದ ಬಟ್ಟೆ ಮುಖಕ್ಕೆ ಸುತ್ತಿಕೊಂಡು ಇಳಿದು, ಅರ್ಧದಲ್ಲೇ ಜೋತುಬಿದ್ದ, ಜನ ಅವನನ್ನು ಮೇಲೆಳೆದರು. ಕಂಬಳಿ ಬೀಸಿದರು, ಕೊಡಗಟ್ಟಲೆ ನೀರು ಸುರಿದರು. ಮೊದಲೇ ಮಾಡಬೇಕಾದದ್ದನ್ನೆಲ್ಲ ಆಗ ಮಾಡಿದರು. ಅಪ್ಪನನ್ನು ಎತ್ತಿದಾಗ ಕೂದಲಲ್ಲಿ, ರೆಪ್ಪೆಯಲ್ಲಿ ರಾಗಿಕಾಳಿತ್ತು. ಅಮಲ್ದಾರರು ಯಾವಾಗ ಹೊರಟುಹೋದರೋ ಯಾರಿಗೂ ಗೊತ್ತಾಗಲಿಲ್ಲ. ಕುರ್ಚಿಯ ಪಕ್ಕ ಅರ್ಧ ಕುಡಿದ ಮಜ್ಜಿಗೆಯ ಲೋಟ ಹಾಗೇ ಇತ್ತು. ಆ ಹಗೇವಿನ ರಾಗಿಯನ್ನು ಮನೆಯಲ್ಲಿ ಯಾರೂ ಉಣ್ಣಲಾರರು ಎಂದು ಅಷ್ಟನ್ನೂ ದೊಡ್ಡಪ್ಪ ಲೆವಿಗೇ ಅಳೆಸಿಬಿಟ್ಟ. ಬರಿದಾದ ಗುಂಡಿಗೆ ಕಲ್ಲು ಮಣ್ಣು ತುಂಬಿಸಿದ. ಮೇಲೆ ಗಾಡಿ ನಿಲ್ಲಿಸತೊಡಗಿದ.

ತಿಥಿ ಮುಗಿದ ಮೇಲೆ ಕಿರುಗಾವಲಿನಿಂದ ಸೋದರಮಾವ ಬಂದ. ಮನೆಯೊಳಗೆ ಕಾಲಿಡದೆ ನೇರವಾಗಿ ಅರಳಿಮರದ ಕೆಳಗಿನ ನ್ಯಾಯದ ಕಟ್ಟೆಗೆ ಹೋಗಿ ಊರ ಹಿರಿಯರನ್ನು ಕರೆಸಿದ. ನಾನು ಅವನ ಕೈ ಹಿಡಿದುಕೊಂಡು ನಿಂತಿದ್ದೆ. ಕಟ್ಟೆಯ ನಡುವೆ, ಯಾವಾಗಲೂ ಕೂರುವ ಜಾಗದಲ್ಲೇ ದೊಡ್ಡಪ್ಪ ಕೂತಿದ್ದ.

"ನ್ಯಾಯ ಕೇಳಕ್ಕೆ ಬಂದಿವ್ನಿ," ಎಂದ ಮಾವ.

"ಕೇಳಪ್ಪ. ಯಾರ್ ಮ್ಯಾಲೆ?"

"ನಿಮ್ ಮ್ಯಾಲೆ."

ದೊಡ್ಡಪ್ಪ ಕೋಪ ಮಾಡಿಕೊಳ್ಳಲಿಲ್ಲ. ಅಕ್ಕಪಕ್ಕದ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. ಆ ಮುಖಗಳು ಒಂದೊಂದಾಗಿ ನೆಲ ನೋಡಿದವು.

"ಸರಿ. ತೀರ್ಮಾನ ಯಾರ್ ಮಾಡ್ಬೇಕು? ಯೋಳು."

ನ್ಯಾಯ ಹೇಳುವ ಜಾಗದಲ್ಲಿ ಅವನೇ ಕೂತಿದ್ದ. ಹಣೆಬರ ಎಂದ ದೊಡ್ಡಪ್ಪ, ಹೌದೌದು ಹಣೆಬರ ಎಂದರು ಹಿರಿಯರು. ನಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದ ಮಾವನಿಗೆ, ನನ್ ತಮ್ಮನ ಎಂಡ್ರು ಮಕ್ಳು ನನ್ ಅಟ್ಟೀಲೆ ಇರ್ತವೆ ಎಂದ. ಮಾವ ಬಂದ ದಾರಿಯಲ್ಲೇ ಹೋದ. ಆವತ್ತಿನಿಂದ ಮನೆಯಲ್ಲಿ ಹಗೇವು ಎಂಬ ಮಾತನ್ನು ಯಾರೂ ಎತ್ತಬಾರದು ಎಂದಾಯಿತು. ಅವ್ವ ಅಳಲಿಲ್ಲ. ಬಳೆ ತೆಗೆದ ಕೈಯಲ್ಲಿ ಬೀಸುವ ಕಲ್ಲು ತಿರುಗಿಸುತ್ತಿದ್ದಳು. ಮೊದಲು ಬೀಸುವಾಗ ಪದ ಹೇಳುತ್ತಿದ್ದವಳು, ಆಮೇಲೆ ಕಲ್ಲಿನ ಸದ್ದು ಮಾತ್ರ.

ಯುದ್ಧ ಮುಗಿಯಿತು. ಮದ್ದೂರಿನ ಕಡೆ ಹುಡುಗರು ಬಿಳಿ ಟೋಪಿ ಹಾಕಿಕೊಂಡು ಜವಾಬ್ದಾರಿ ಸರ್ಕಾರ ಬೇಕು ಎಂದು ಕೂಗುತ್ತಿದ್ದಾರಂತೆ, ಪಟೇಲಿಕೆಯೆಲ್ಲ ಹೋಗುತ್ತದಂತೆ ಎಂಬ ಸುದ್ದಿ ಜಗಲಿಗೆ ಬರುತ್ತಿತ್ತು. ದೊಡ್ಡಪ್ಪ ಕೇಳಿ ಎಲೆಯಡಿಕೆ ಉಗಿಯುತ್ತಿದ್ದ. ಆ ಸಲ ಮಳೆ ಹಿಂದುಮುಂದಾಗಿ ಹೊಲದ ರಾಗಿ ಕೈಗೆ ಹತ್ತಲಿಲ್ಲ. ಮನೆಯೊಳಗೆ ರಾಗಿ ತುಂಬಿಡುವ ವಾಡೆಯ ತಳ ಕಂಡಿತು. ಉಳಿದ ಎರಡನೆಯ ಹಗೇವು ತೆಗೆಯಲೇಬೇಕಾಯಿತು. ಹಿಂದಿನ ದಿನವೇ ಚಪ್ಪಡಿ ಎತ್ತಿಸಿದರು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಬೆಳಿಗ್ಗೆ ದೊಡ್ಡವ್ವ ಅಡುಗೆಮನೆಗೆ ಬಂದು ಕರಟದ ದೀಪವನ್ನು ಅವ್ವನ ಮಡಿಲಿಗೆ ಇಟ್ಟಳು.

"ನನ್ ಕೈಲಾಗಕಿಲ್ಲ ಕಣವ್ವ. ನೀನ್ ತಕ. ನನ್ನ ಇನ್ನೇನೂ ಕೇಳ್ಬ್ಯಾಡ."

ಅವ್ವ ಅವಳನ್ನು ನೋಡಿದಳು. ಆಮೇಲೆ ದೀಪ ತೆಗೆದುಕೊಂಡು ಎದ್ದಳು. ಅಜ್ಜಿಯಂಥ ಮುದುಕಿಯರ ಮಾತು ಬೇರೆ, ಚಿಕ್ಕ ವಯಸ್ಸಿಗೇ ಗಂಡ ಸತ್ತವಳು ಹಗೇವು ತೆಗೆಯುವಾಗ ಹತ್ತಿರ ಸುಳಿಯಬಾರದು. ಅಂಥವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲಿಗೆ ನಡೆದು ಹಗೇವಿನ ಪಕ್ಕ ಮಂಡಿಯೂರಿದಳು. ನೆರೆದ ಜನ ಹಿಂದೆ ಸರಿದರು. ದೊಡ್ಡಪ್ಪ ತಡೆಯಲಿಲ್ಲ. ಅವ್ವ ಎಣ್ಣೆ ತುಂಬಿ, ತುಂಬಿದ ಹಣತೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ತೋರಿಸಿ, ಹಚ್ಚಿ ಇಳಿಬಿಟ್ಟಳು. ನಾನು ಅವಳ ಎದುರಿಗೆ ಬಗ್ಗಿ ನೋಡುತ್ತಿದ್ದೆ. ದೀಪ ಕೆಳಗೆ ರಾಗಿಯವರೆಗೂ ಹೋಯಿತು. ಚೆನ್ನಾಗಿ ಉರಿಯುತ್ತಿತ್ತು. ಹುಲ್ಲಿನ ಕಡ್ಡಿ ಕಡ್ಡಿಯೂ ಕಾಣುತ್ತಿತ್ತು. ಅವ್ವ ಮೆಲ್ಲಗೆ ಎಳೆದುಕೊಂಡಳು. ಕರಟ ಬಾಯಿಯ ಹತ್ತಿರ ಬಂದಾಗ, ಬಗ್ಗಿದ ಬೆನ್ನಿನ ಮರೆಯಲ್ಲಿ, ಎರಡು ಬೆರಳಿನಿಂದ ಬತ್ತಿಯನ್ನು ಹಿಸುಕಿಬಿಟ್ಟಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು.

"ಯೋಳವ್ವ ನಿನ್ ದೊಡ್ಡಪ್ಪಂಗೆ. ದೀಪ ಆರೋಗದೆ. ಇವತ್ತು ಬ್ಯಾಡವಂತೆ."

"ದೀಪ ಆರೋಗದಂತೆ," ಎಂದೆ. "ಇವತ್ತು ಬ್ಯಾಡವಂತೆ."

ಬತ್ತಿಯಿಂದ ಹೊಸ ಹೊಗೆ ಏಳುತ್ತಿತ್ತು. ದೊಡ್ಡಪ್ಪ ಆ ಹೊಗೆಯನ್ನೇ ನೋಡಿದ. ಅವನಿಗೆ ತಿಳಿಯಲಿಲ್ಲ ಎಂದು ನಾನು ನಂಬಲಾರೆ. ಆದರೆ ಆರಿದ ದೀಪವನ್ನು ಒಂದು ಸಲ ಸುಳ್ಳು ಎಂದವನು ಊರಿನವರ ಎದುರು ಇನ್ನೊಂದು ಸಲ ಸುಳ್ಳು ಎನ್ನುವುದು ಹೇಗೆ? "ಸರಿ, ನಾಳಿಕ್ಕೆ ನೋಡಾನ" ಎಂದು ಒಳಗೆ ಹೋದ. ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಪಟೇಲನ ತಟ್ಟೆಗೆ ಮುದ್ದೆಯಿಲ್ಲ. ಅನ್ನ ಬಡಿಸಿದರೆ ಕಲಸಿ ಕಲಸಿ ಏಳುತ್ತಿದ್ದ. ಊರಲ್ಲಿ ಯಾರ ಮನೆಯಿಂದಲೋ ರಾಗಿಹಿಟ್ಟು ಕೇಳಿ ತರಿಸಿದ. ಪಟೇಲನ ಮನೆಯಿಂದ ಹಿಟ್ಟು ಕೇಳಲು ಹೋಗುವುದೆಂದರೇನು! ಹಜಾರದಲ್ಲಿ ಅವನು ಸಣ್ಣಗಾಗುತ್ತಿದ್ದ. ನನಗೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಅವ್ವ ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು ದೀಪಕ್ಕೆ ಹೊಸ ಬತ್ತಿ ಹೊಸೆಯುತ್ತಿದ್ದಳು. ಅವಳ ಮುಖದಲ್ಲಿ ಆಗ ಒಂದು ಕಳೆಯಿತ್ತು. ಅದು ನನಗೆ ಇಷ್ಟವಾಗಿತ್ತು ಎಂದು ಹೇಳಲು ನಾಚಿಕೆಯಿಲ್ಲ.

ಒಂದು ಮಧ್ಯಾಹ್ನ ನಿಂಗನ ಹೆಂಡತಿ ಕೆಂಪಿ ಹಿಂಬಾಗಿಲಿಗೆ ಬಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಖಾಲಿ ಮೊರ. ಆಳುಗಳಿಗೆ ಕೂಲಿಯೆಂದರೆ ಹಗೇವಿನ ರಾಗಿಯೇ. ಅದನ್ನು ನಾವು ಯಾರೂ ನೆನೆಸಿಕೊಂಡಿರಲಿಲ್ಲ.

"ಒಂದ್ ಮೊರ ರಾಗಿ ಕೊಡ್ರವ್ವ. ಐಕ್ಳು ಬರೀ ಸೊಪ್ ಬೇಸ್ಕೊಂಡ್ ತಿಂತಾ ಅವೆ. ದೀಪ ಯಾವತ್ ನಿಂತದೆ ಅಂತ ನಮ್ಮೋನು ದಿನಾ ಬಂದು ನೋಡ್ತನೆ."

ಮಗು ಅಳುತ್ತಲೂ ಇರಲಿಲ್ಲ. ಅವ್ವ ಮಡಕೆಯಲ್ಲಿದ್ದ ಅನ್ನವನ್ನೆಲ್ಲ ಕೆಂಪಿಯ ಮೊರಕ್ಕೆ ಬಗ್ಗಿಸಿದಳು. ಅವಳು ಹೋದ ಮೇಲೆ ಕರಟದ ದೀಪವನ್ನು ಮುಂದಿಟ್ಟುಕೊಂಡು ಒಲೆಯ ಹತ್ತಿರ ಕೂತುಬಿಟ್ಟಳು. ಆ ಕಳೆ ಮುಖದಿಂದ ಇಳಿದಿತ್ತು.

"ನಾನೂ ನಿನ್ ದೊಡ್ಡಪ್ಪನಂಗೆ ಆಯ್ತಾ ಇವ್ನಿ ಕಣವ್ವ," ಎಂದಳು. "ಎಂಗೆ ಆಯ್ತು ಅಂತ್ಲೂ ಗೊತ್ತಾಗ್ನಿಲ್ಲ."

ಮರುದಿನ ಬೆಳಿಗ್ಗೆ ದೀಪ ಉರಿಯುತ್ತ ಇಳಿಯಿತು, ಉರಿಯುತ್ತ ಬಂತು. ಅವ್ವ ಅದನ್ನು ಮಣ್ಣಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ನಿಂಗ ಅಂಗಿ ಬಿಚ್ಚಿ ಮುಂದೆ ಬಂದ. ಇಳೀಲಾ ಎಂದ ದೊಡ್ಡಪ್ಪ. ಅವ್ವ ಎದ್ದು ನಿಂತಳು. ನಾನು ಮಾತು ಸಾಗಿಸಲು ಹತ್ತಿರ ಸರಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದಳು.

"ಭಾವ, ಮೊದ್ಲು ನೀವಿಳೀರಿ."

ಅಷ್ಟೇ ಹೇಳಿದ್ದು. ದನಿ ಏರಿರಲಿಲ್ಲ. ಊರಿನ ಜನ ನಿಂತಿದ್ದರು. ದೊಡ್ಡಪ್ಪ ಕೋಲು ನೆಲಕ್ಕಿಟ್ಟ. ಪೇಟ ತೆಗೆದ. ನಾನು ಅವನ ಬರಿದಲೆ ಕಂಡದ್ದು ಅದೇ ಮೊದಲು. ಕೂದಲು ಪೂರಾ ಬೆಳ್ಳಗಾಗಿತ್ತು. ಹಗೇವಿನ ಅಂಚಿನಲ್ಲಿ ಕೂತು ಎರಡೂ ಕಾಲು ಒಳಕ್ಕೆ ಬಿಟ್ಟ. ಕತ್ತಲೆಯನ್ನು ನೋಡಿದ. ಪಕ್ಕದಲ್ಲಿ ದೀಪ ಅಲುಗದೆ ಉರಿಯುತ್ತಿತ್ತು, ಒಳಗೆ ಅಪಾಯವಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಅವನು ಎರಡೂ ಕೈಯಿಂದ ಅಂಚನ್ನು ಅವುಚಿ ಹಿಡಿದ, ಮಣ್ಣು ಉದುರಿ ಒಳಗೆ ಬಿತ್ತು. ಅವನು ಇಳಿಯಲಿಲ್ಲ. ಏಳಲೂ ಇಲ್ಲ. ಅವ್ವನ ಮುಖ ನೋಡಿದ. ಯಾರೂ ನಗಲಿಲ್ಲ. ಅವ್ವನಂತೂ ಗೆದ್ದವಳ ಹಾಗೆ ಕಾಣಲೇ ಇಲ್ಲ, ಸುಸ್ತಾದವಳ ಹಾಗೆ ಕಂಡಳು. ಕೊನೆಗೆ ನಿಂಗನೇ ಬಂದು ಅವನ ತೋಳು ಹಿಡಿದು ಎಬ್ಬಿಸಿ ಪಕ್ಕದಲ್ಲಿ ಕೂರಿಸಿದ.

"ನಾನಿಳೀತೀನಿ ಬುಡ್ರವ್ವ," ಎಂದ ಅವ್ವನಿಗೆ. "ಅಗ್ಗ ನೀವು ಕಟ್ಟಿ."

ಅವ್ವ ಅವನ ಸೊಂಟಕ್ಕೆ ಹಗ್ಗ ಸುತ್ತಿ ಗಂಟು ಹಾಕಿದಳು. ಎರಡು ಸಲ ಜಗ್ಗಿ ನೋಡಿದಳು. ನಿಂಗ ಇಳಿದ, ಮಂಕರಿ ಇಳಿಯಿತು. ರಾಗಿಯ ಸರಸರ ಸದ್ದು.

"ಲಾಭ!"

ಮಂಕರಿ ಮೇಲೆ ಬಂತು, ಸುರಿದರು, ಮತ್ತೆ ಇಳಿಯಿತು. ಅವ್ವ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಗಾಡಿಯ ಕೆಳಗೆ ಅಪ್ಪನ ಹಗೇವು ಇತ್ತು. ದೊಡ್ಡವ್ವ ಹಿಂಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಕೆಳಗಿನಿಂದ ಏನೂ ಇಲ್ಲ. ನಾನು ಅವ್ವನ ಬಾಯಿ ನೋಡುತ್ತಿದ್ದೆ. ಅದು ಸದ್ದಿಲ್ಲದೆ ಆ ಮಾತನ್ನು ಹೇಳುತ್ತಿತ್ತು, ಮತ್ತೆ ಮತ್ತೆ.

"ಎರಡು!"

ಅವ್ವ ಕುಸಿದು ಕೂತಳು. ಅಪ್ಪ ಸತ್ತ ಮೇಲೆ ಮೊದಲ ಸಲ, ಊರವರೆಲ್ಲರ ಎದುರು, ಬಾಯಿಬಿಟ್ಟು ಅತ್ತಳು. ಅಳುತ್ತಲೂ ಹಗ್ಗ ಬಿಡಲಿಲ್ಲ.

ಮೂರು ಎಂಬ ಕೂಗು ಬರುವ ಹೊತ್ತಿಗೆ ದೊಡ್ಡಪ್ಪ ಮತ್ತೆ ಪೇಟ ಸುತ್ತಿಕೊಂಡಿದ್ದ. ಎದ್ದು ಕೋಲು ಹಿಡಿದು, ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಬಿರ್‌ಬಿರ್ನೆ ತುಂಬ್ಲಾ! ಬಿಸ್ಲೇರ್ತಾ ಅದೆ."

ಅವ್ವ ಕಣ್ಣೊರಸಿಕೊಂಡಳು. ಅವನ ಕಡೆ ತಿರುಗಲಿಲ್ಲ.

"ನಿಧಾನ್ಕೆ ನಿಂಗಣ್ಣ," ಎಂದಳು ಹಗೇವಿನ ಬಾಯಿಗೆ. "ನಿಧಾನ್ಕೆ ತುಂಬು. ಕೂಗ್ತಾ ಇರು."